ಅಕ್ಕನ 500 ರೂಪಾಯಿ ಎಲ್ಲಿತ್ತು? ಮುಂಬೈಯ ಒಂದು ಪ್ರಯಾಣ ಕಾರ್ಡಿನ ಪ್ರಕರಣ

2025ರ ಡಿಸೆಂಬರ್ 1, ಸೋಮವಾರ. ಬೆಳಗ್ಗೆ 6:40ರ ಹೊತ್ತು. ಮಲಾಡ್ ಪೂರ್ವದ ಕುರಾರ್‌ನಲ್ಲಿ ಇರುವ ಅಕ್ಕ ಮೆಟ್ರೋ ಗೇಟಿಗೆ ಕಾರ್ಡ್ ತಾಗಿಸಿದರು. ಕೆಂಪು ದೀಪ ಬಂತು. ಸೆರಗಿನಿಂದ ಕಾರ್ಡ್ ಒರೆಸಿ ಮತ್ತೆ ತಾಗಿಸಿದರು. ಮತ್ತೆ ಕೆಂಪು. ಹಿಂದೆ ಸಾಲು ಬೆಳೆಯಿತು. ಗೇಟಿನ ಪುಟ್ಟ ಪರದೆಯಲ್ಲಿ ಸೊನ್ನೆ ಕಾಣುತ್ತಿತ್ತು. ಹಿಂದಿನ ರಾತ್ರಿಯಷ್ಟೇ ಮಗ ಆ ಕಾರ್ಡಿಗೆ 500 ರೂಪಾಯಿ ಹಾಕಿದ್ದ.

ಅಕ್ಕ ನಮ್ಮ ಮನೆಗೆ ಅಡುಗೆಗೆ ಬರುವವರು. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ನಾನು ಅವರನ್ನು ಅಕ್ಕ ಅಂತೀನಿ, ಅವರು ನನ್ನನ್ನು ‘ಅಕ್ಕಾರ’ ಅಂತಾರೆ. ಅಂಧೇರಿ ಪೂರ್ವದಲ್ಲಿ ನಮ್ಮದೂ ಸೇರಿ ಮೂರು ಮನೆಯ ಅಡುಗೆ ಅವರದು. ಮಗ ಪುಣೆಯಲ್ಲಿ ಓದುತ್ತಿದ್ದಾನೆ, ಸಂಜೆ ಒಂದು ಅಂಗಡಿಯಲ್ಲಿ ಕೆಲಸವನ್ನೂ ಮಾಡುತ್ತಾನೆ. ಅವನ ದುಡಿಮೆಯ ದುಡ್ಡು ಅದು. ‘ಅವ್ವಾ, ಇನ್ನ ಕೌಂಟರ್‌ನ್ಯಾಗ ನಿಂದ್ರೂದು ಬ್ಯಾಡ, ನಾ ಇಲ್ಲಿಂದನ ಹಾಕ್ತೀನಿ’ ಅಂದಿದ್ದನಂತೆ.

ನನ್ನ ಉದ್ಯೋಗ ಲೆಕ್ಕ ತಾಳೆ ನೋಡುವುದು. ಕಾರ್ಡ್ ಮತ್ತು ಯುಪಿಐ ವ್ಯವಹಾರಗಳಲ್ಲಿ ಒಂದು ಕಡೆಯಿಂದ ಹೊರಟ ಹಣ ಇನ್ನೊಂದು ಕಡೆ ಸೇರಿತಾ ಅಂತ ದಿನವೂ ನೋಡುತ್ತೇನೆ. ಆದರೂ ಆ ದಿನ ಅಕ್ಕ ಕೇಳಿದ ಒಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಎಲ್ಲಿ ಹೋತ್ರೀ ಅಕ್ಕಾರ ನನ್ನ ರೊಕ್ಕ?’ ಆ ಉತ್ತರ ಹುಡುಕಲು ನನಗೆ ಎರಡು ವಾರ ಹಿಡಿಯಿತು. ಅದನ್ನು ಪೂರ್ತಿಯಾಗಿ ಬರೆದಿಡಬೇಕು ಅನಿಸಿತು. ಇಂಥ ಕಾರ್ಡ್ ಈಗ ತುಂಬಾ ಜನರ ಕೈಯಲ್ಲಿದೆ.

ಮೊದಲು ಹೇಗಿತ್ತು

ಅಕ್ಕ ಬರುವ ದಾರಿ ಪಶ್ಚಿಮ ದ್ರುತಗತಿ ಹೆದ್ದಾರಿಯ ಮೇಲೆ ಹೋಗುವ ಮೆಟ್ರೋ 7. ಅದರ ಮೊದಲ ಭಾಗ 2022ರ ಏಪ್ರಿಲ್ 2ರಂದು, ಯುಗಾದಿಯ ದಿನ ಶುರುವಾಯಿತು. 2023ರ ಜನವರಿಯಲ್ಲಿ ಅಂಧೇರಿ ಪೂರ್ವದ ಗುಂದವಲಿವರೆಗೆ ಬಂತು. ಅದಕ್ಕೂ ಮುಂಚೆ ಅಕ್ಕ ಬೆಸ್ಟ್, ಅಂದರೆ ಮುಂಬೈಯ ನಗರ ಸಾರಿಗೆ ಬಸ್ಸಿನಲ್ಲಿ ಬರುತ್ತಿದ್ದರು. ಹೆದ್ದಾರಿಯ ಟ್ರಾಫಿಕ್ ಗೊತ್ತಲ್ವಾ, ಒಂದೊಂದು ದಿನ ಬಸ್ಸಿನಲ್ಲಿ ಒಂದು ಗಂಟೆ ಮೀರುತ್ತಿತ್ತು. 2019ರ ಜುಲೈನಲ್ಲಿ ಬೆಸ್ಟ್ ಕನಿಷ್ಠ ದರವನ್ನು 5 ರೂಪಾಯಿಗೆ ಇಳಿಸಿತ್ತು. 2025ರ ಮೇ ತಿಂಗಳಲ್ಲಿ ಅದು 10 ಆಯಿತು. ಮೆಟ್ರೋದಲ್ಲಿ ಅಕ್ಕನಿಗೆ ಒಂದು ಕಡೆಗೆ 20, ದಿನಕ್ಕೆ 40. ದುಡ್ಡು ಜಾಸ್ತಿ. ಆದರೆ ಉಳಿಯುವ ಹೊತ್ತಿನಲ್ಲಿ ಮೂರನೇ ಮನೆಯ ಕೆಲಸ ಹಿಡಿಯಲು ಆಯಿತು. ಮೆಟ್ರೋ ಅವರಿಗೆ ಒಂದು ಪಗಾರ ತಂದುಕೊಟ್ಟಿತು ಅಂತಲೇ ಹೇಳಬಹುದು.

ಕಾರ್ಡನ್ನು ಅವರು ಬಳಸುತ್ತಿದ್ದ ರೀತಿ ತುಂಬಾ ಸರಳ. ಐದು ದಿನಕ್ಕೊಮ್ಮೆ ಕೌಂಟರಿನಲ್ಲಿ 200 ರೂಪಾಯಿ ನಗದು ಕೊಡುವುದು. ಅಲ್ಲಿಯವರು ಯಂತ್ರದ ಮೇಲೆ ಕಾರ್ಡ್ ಇಟ್ಟು ಹಣ ತುಂಬಿ ಚೀಟಿ ಕೊಡುವುದು. ಐದು ದಿನ ಓಡಾಟ. ಕಾರ್ಡಿನಲ್ಲಿ 200ಕ್ಕಿಂತ ಜಾಸ್ತಿ ಯಾವತ್ತೂ ಇಡುತ್ತಿರಲಿಲ್ಲ. ಕಾರ್ಡ್ ಕಳೆದರೆ ಅದರೊಳಗಿನ ದುಡ್ಡೂ ಹೋಯಿತು ಅಂತ ಯಾರೋ ಹೇಳಿದ್ದರು. ಹೇಳಿದ್ದು ಸರಿಯಾಗೇ ಇತ್ತು. ಹೀಗೆ ಎರಡು ವರ್ಷ, ಒಂದು ದಿನವೂ ತೊಂದರೆ ಆಗಿರಲಿಲ್ಲ.

ತೊಂದರೆ ಬಂದದ್ದು ಮಗ ಫೋನಿನಿಂದ ಹಣ ಹಾಕಿದ ಮೇಲೆ. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಇದೇ. ನಗದು ಕೊಟ್ಟಾಗ ಕೆಲಸ ಒಂದೇ ಹೆಜ್ಜೆಯಲ್ಲಿ ಮುಗಿಯುತ್ತಿತ್ತು. ಫೋನು ಬಂದ ಮೇಲೆ ಅದೇ ಕೆಲಸಕ್ಕೆ ಎರಡು ಹೆಜ್ಜೆ ಆಯಿತು. ಎರಡನೆಯ ಹೆಜ್ಜೆ ಒಂದಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಮೂರು ಜಾಗ, ಮೂರು ಅಂಕಿ

ಅಕ್ಕನ ಕೈಲಿದ್ದದ್ದು ಎನ್‌ಸಿಎಂಸಿ, ಅಂದರೆ ದೇಶದ ಎಲ್ಲಾ ಕಡೆ ನಡೆಯಲಿ ಅಂತ ಮಾಡಿದ ಪ್ರಯಾಣ ಕಾರ್ಡ್. 2019ರ ಮಾರ್ಚ್ 4ರಂದು ಪ್ರಧಾನಿ ಅಹಮದಾಬಾದಿನಲ್ಲಿ ಇದನ್ನು ಬಿಡುಗಡೆ ಮಾಡಿದರು. ನಮ್ಮ ದೇಶದ್ದೇ ಆದ ರುಪೇ ಕಾರ್ಡ್ ಜಾಲದ ಮೇಲೆ ನಡೆಯುತ್ತದೆ. ಯಾವ ಬ್ಯಾಂಕಿನ ಕಾರ್ಡ್ ಆದರೂ ಇದನ್ನು ಒಪ್ಪುವ ಯಾವ ಊರಿನ ಗೇಟಿನಲ್ಲಾದರೂ ನಡೆಯಬೇಕು ಅನ್ನೋದು ಆಸೆ. ಅದು ಒಳ್ಳೆಯ ಆಸೆ, ನಾನು ಅದರ ಪರವಾಗಿಯೇ ಇದ್ದೇನೆ. ಅಂಧೇರಿಯಲ್ಲಿ ಬಳಸುವ ಕಾರ್ಡನ್ನೇ ಬೆಂಗಳೂರಿನ ನಮ್ಮ ಮೆಟ್ರೋದಲ್ಲೂ ತಾಗಿಸಿ ಒಳಗೆ ಹೋಗುವುದು ಸಣ್ಣ ಮಾತಲ್ಲ.

ಈ ಕಾರ್ಡಿನ ವಿಶೇಷ ಅಂದರೆ ಹಣದ ಲೆಕ್ಕ ಕಾರ್ಡಿನ ಚಿಪ್‌ನಲ್ಲೇ ಇರುತ್ತದೆ. ಗೇಟಿಗೆ ತಾಗಿಸಿದಾಗ ಗೇಟು ಬ್ಯಾಂಕನ್ನು ಕೇಳುವುದಿಲ್ಲ. ಚಿಪ್ ಓದುತ್ತದೆ, ಕಳೆಯುತ್ತದೆ, ಹೊಸ ಅಂಕಿ ಬರೆಯುತ್ತದೆ. ಇದಕ್ಕೆ ಕಾರಣವೂ ಇದೆ. ಬೆಳಗ್ಗೆ ಏಳರಿಂದ ಹತ್ತರವರೆಗೆ ಮುಂಬೈಯ ಗೇಟುಗಳ ಮುಂದೆ ಒಮ್ಮೆ ನಿಂತು ನೋಡಿ. ಒಬ್ಬೊಬ್ಬರಿಗೂ ಮೂರು ಸೆಕೆಂಡು ತಡವಾದರೂ ಸಾಲು ಮೆಟ್ಟಿಲವರೆಗೆ ಹೋಗುತ್ತದೆ. ನೆಟ್‌ವರ್ಕ್ ಇರಲಿ, ಇಲ್ಲದಿರಲಿ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಗೇಟು ತೆರೆಯಬೇಕು. ಅದಕ್ಕೇ ದುಡ್ಡನ್ನು ಚಿಪ್‌ನಲ್ಲಿ ಇಟ್ಟಿದ್ದಾರೆ.

ಈಗ ಭಾನುವಾರ ರಾತ್ರಿ ಮಗ ಮಾಡಿದ್ದನ್ನು ನೋಡೋಣ. ಅವನು ಪುಣೆಯಲ್ಲಿ ಕೂತು ಆ್ಯಪ್ ತೆರೆದ. ಯುಪಿಐಯಿಂದ 500 ಕಟ್ಟಿದ. ‘ಯಶಸ್ವಿ’ ಅಂತ ಇಂಗ್ಲಿಷಿನಲ್ಲಿ ಹಸಿರು ಗುರುತು ಬಂತು. ಹಣ ಅವನ ಬ್ಯಾಂಕ್ ಖಾತೆಯಿಂದ ಹೊರಟು ಕಾರ್ಡ್ ಕೊಟ್ಟ ಸಂಸ್ಥೆಯ ಸರ್ವರಿಗೆ ಸೇರಿತು. ಆದರೆ ಕಾರ್ಡ್ ಕುರಾರ್‌ನಲ್ಲಿ, ಅಕ್ಕನ ಪರ್ಸಿನಲ್ಲಿತ್ತು. ಪುಣೆಯ ಫೋನು ಕುರಾರ್‌ನ ಚಿಪ್‌ಗೆ ಬರೆಯುವುದು ಹೇಗೆ? ಸರ್ವರಿನಲ್ಲಿ ಕಾದಿರುವ ಹಣವನ್ನು ಚಿಪ್‌ಗೆ ಇಳಿಸಬೇಕು ಅಂದರೆ ಕಾರ್ಡನ್ನು ಒಂದು ಯಂತ್ರದ ಮೇಲೆ ಇಡಲೇಬೇಕು. ಕೌಂಟರಿನಲ್ಲಿ ಇದಕ್ಕೆ ‘ಬ್ಯಾಲೆನ್ಸ್ ಅಪ್‌ಡೇಟ್’ ಅಂತಾರೆ. ಆ ಮಾತು ಆ್ಯಪ್‌ನಲ್ಲೂ ಇತ್ತು. ಹಸಿರು ಗುರುತಿನ ಕೆಳಗೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ. ಮಗ ಸ್ಕ್ರೀನ್‌ಶಾಟ್ ಕಳಿಸಿದಾಗ ದೊಡ್ಡದು ಮಾಡಿ ನೋಡಿದ ಮೇಲೆ ನನಗೂ ಕಂಡಿತು.

ಅಂದರೆ ಆ ಹಣ ನಿಲ್ಲಬಹುದಾದ ಜಾಗ ಮೂರು. ಮಗನ ಖಾತೆ, ಸಂಸ್ಥೆಯ ಸರ್ವರ್, ಕಾರ್ಡಿನ ಚಿಪ್. ಗೇಟಿಗೆ ಕಾಣುವುದು ಮೂರನೆಯದು ಮಾತ್ರ. ಫೋನಿಗೆ ಕಾಣುವುದು ಎರಡನೆಯದು. ಮಗ 500 ನೋಡಿದ, ಗೇಟು ಸೊನ್ನೆ ನೋಡಿತು. ಇಬ್ಬರೂ ನೋಡಿದ್ದು ನಿಜವೇ.

ಹಾಂಗ್‌ಕಾಂಗ್‌ನ ಆಕ್ಟೋಪಸ್ ಕಾರ್ಡ್ 1997ರಿಂದ ಇದೆ. ಅದರಲ್ಲೂ ಹಣ ಕಾರ್ಡಿನೊಳಗೇ ಇರುತ್ತದೆ. ಆದರೆ ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಅಲ್ಲೇ ಯಂತ್ರದ ಮೇಲೆ ಇಟ್ಟು ತುಂಬುತ್ತಾರೆ, ಅಕ್ಕ ಕೌಂಟರಿನಲ್ಲಿ ಮಾಡುತ್ತಿದ್ದ ಹಾಗೇ. ಲಂಡನ್ನಿನ ಬಸ್ಸುಗಳಲ್ಲಿ 2012ರಿಂದ ಮಾಮೂಲಿ ಬ್ಯಾಂಕ್ ಕಾರ್ಡನ್ನೇ ತಾಗಿಸಬಹುದು. ಅಲ್ಲಿ ಕಾರ್ಡಿನಲ್ಲಿ ಹಣ ತುಂಬುವ ಮಾತೇ ಇಲ್ಲ. ಮೊದಲು ಪ್ರಯಾಣ, ಆಮೇಲೆ ಖಾತೆಯಿಂದ ಹಣ. ನಾವು ಇವೆರಡರ ನಡುವಿನ ದಾರಿ ಹಿಡಿದಿದ್ದೇವೆ. ಹಣ ಚಿಪ್‌ನಲ್ಲಿ, ತುಂಬುವುದು ಫೋನಿನಲ್ಲಿ. ನಡುವೆ ಒಂದು ಕಂದಕ ಉಳಿದಿದೆ. ಅಕ್ಕ ಬಿದ್ದದ್ದು ಅದರಲ್ಲಿ.

ಸೋಮವಾರ ಸಂಜೆ

ಬೆಳಗ್ಗೆ ಅಕ್ಕ 20 ರೂಪಾಯಿ ನಗದು ಕೊಟ್ಟು ಕಾಗದದ ಟಿಕೆಟ್ ತೆಗೆದುಕೊಂಡು ಬಂದರು. ನಮ್ಮ ಮನೆಗೆ ಬಂದಾಗ ಅರ್ಧ ಗಂಟೆ ತಡ. ಮಕ್ಕಳ ಡಬ್ಬಿಗೆ ಬ್ರೆಡ್ ಹಾಕಿ ಕಳಿಸಿಯಾಗಿತ್ತು. ನಾನು ಮುಖ ಗಂಟು ಹಾಕಿಕೊಂಡಿದ್ದೆ, ಅವರನ್ನು ಏನಾಯಿತು ಅಂತಲೂ ಕೇಳಲಿಲ್ಲ. ಮಧ್ಯಾಹ್ನ ಅವರೇ ಹೇಳಿದರು. ಅದು ನನಗೆ ಇವತ್ತಿಗೂ ಬೇಜಾರು.

‘ಕೌಂಟರಿನಲ್ಲಿ ಅಪ್‌ಡೇಟ್ ಮಾಡಿಸಿ, ಸರಿಹೋಗುತ್ತದೆ’ ಅಂತ ನಾನೇ ಹೇಳಿ ಕಳಿಸಿದೆ. ಸಂಜೆ ಅಕ್ಕ ಕೌಂಟರಿಗೆ ಹೋದರು. ಅಲ್ಲಿದ್ದ ಹುಡುಗ ಒಳ್ಳೆಯವನು, ಮರಾಠಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿ ಯಂತ್ರವನ್ನು ಮುಂದಿಟ್ಟ. ಅಕ್ಕ ಕಾರ್ಡ್ ಇಟ್ಟರು. ದೀಪ ಮಿನುಗಿತು. ಗೇಟಿನಲ್ಲಿ ಎರಡು ವರ್ಷ ಮಾಡಿದ ಅಭ್ಯಾಸ, ದೀಪ ಮಿನುಗಿದ ಕೂಡಲೇ ಕೈ ಕಾರ್ಡನ್ನು ಎತ್ತಿತು. ಯಂತ್ರ ‘ಆಗಲಿಲ್ಲ’ ಅಂದಿತು. ಮತ್ತೆ ಇಟ್ಟರೆ ‘ಇಳಿಸಲು ಯಾವ ಹಣವೂ ಬಾಕಿ ಇಲ್ಲ’ ಅಂತ ಬಂತು.

ರಾತ್ರಿ ಮಗ ಆ್ಯಪ್ ನೋಡಿದ. ಸರ್ವರಿನಲ್ಲಿ ಬಾಕಿ ಸೊನ್ನೆ. 500 ಕಾರ್ಡಿಗೆ ಇಳಿದಿದೆ ಅಂತ ಬರೆದಿತ್ತು. ಮಂಗಳವಾರ ಬೆಳಗ್ಗೆ ಗೇಟಿನಲ್ಲಿ ಚಿಪ್ಪೂ ಸೊನ್ನೆ ತೋರಿಸಿತು.

ನಾನು ನನ್ನ ಅನುಭವದಿಂದ ಕಟ್ಟಿಕೊಂಡ ವಿವರಣೆ ಇದು. ಚಿಪ್‌ಗೆ ಬರೆಯುವಾಗ ಕಾರ್ಡನ್ನು ನಡುವೆ ಎತ್ತಿದರೆ ಚಿಪ್ ಅರ್ಧ ಬರೆದದ್ದನ್ನು ಬಿಟ್ಟು ಹಳೆಯ ಅಂಕಿಗೇ ಮರಳುತ್ತದೆ. ಹಾಗೆ ಮಾಡಿರುವುದು ಒಳ್ಳೆಯದಕ್ಕೇ, ಇಲ್ಲದಿದ್ದರೆ ಅಂಕಿ ಕೆಟ್ಟು ಕಾರ್ಡೇ ಹಾಳಾಗಬಹುದು. ಆದರೆ ಅಷ್ಟರೊಳಗೆ ಸರ್ವರ್ ‘ಹಣ ಕೊಟ್ಟೆ’ ಅಂತ ತನ್ನ ಪುಸ್ತಕದಲ್ಲಿ ಬರೆದುಕೊಂಡಿತ್ತು. ಒಬ್ಬರು ಕೊಟ್ಟೆ ಅಂತಾರೆ, ಇನ್ನೊಬ್ಬರು ಬಂದಿಲ್ಲ ಅಂತಾರೆ. ನಮ್ಮ ಆಫೀಸಿನಲ್ಲಿ ಇಂಥ ಹಣವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಯಾರದು ಅಂತ ಗೊತ್ತಾಗುವವರೆಗೆ ಅಲ್ಲೇ ಕೂತಿರುತ್ತದೆ. ನಮಗೆ ಅದೊಂದು ಸಾಲು. ಆ ಸಾಲಿನ ಆಚೆ ತುದಿಯಲ್ಲಿ ಒಬ್ಬರು ಗೇಟಿನ ಮುಂದೆ ನಿಂತಿರುತ್ತಾರೆ ಅಂತ ನಾನು ಅಷ್ಟು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

ಯಾವ ನಿಯಮಕ್ಕೂ ಸಿಗದ ಹಣ

ರಿಸರ್ವ್ ಬ್ಯಾಂಕಿನ ಒಂದು ಒಳ್ಳೆಯ ನಿಯಮ ಇದೆ. 2019ರ ಸೆಪ್ಟೆಂಬರ್‌ನಲ್ಲಿ ಬಂದದ್ದು. ಯುಪಿಐಯಲ್ಲಿ ವ್ಯಾಪಾರಿಗೆ ಕಟ್ಟುವಾಗ ನಮ್ಮ ಖಾತೆಯಿಂದ ಹಣ ಹೋಗಿ ಅವರಿಗೆ ತಲುಪದಿದ್ದರೆ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ಆಮೇಲೆ ತಡವಾದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ. ನಾವು ಕೇಳದೇ ಕೊಡಬೇಕು. ನಾನು ಮೊದಲು ಇದನ್ನೇ ನೆಚ್ಚಿಕೊಂಡಿದ್ದೆ.

ಆದರೆ ಇಲ್ಲಿ ಅದು ಹೊಂದುವುದಿಲ್ಲ. ಮಗನ ಬ್ಯಾಂಕಿನ ಲೆಕ್ಕದಲ್ಲಿ ವ್ಯವಹಾರ ಯಶಸ್ವಿ. ಯುಪಿಐ ಲೆಕ್ಕದಲ್ಲೂ ಯಶಸ್ವಿ. ಕಾರ್ಡ್ ಸಂಸ್ಥೆಗೆ ಹಣ ತಲುಪಿದೆ, ಅವರ ಸರ್ವರ್ ಕೂಡ ಇಳಿಸಿದೆ ಅನ್ನುತ್ತಿದೆ. ಎಲ್ಲರ ಪುಸ್ತಕವೂ ಸರಿ. ಎಲ್ಲೂ ‘ವಿಫಲ’ ಅನ್ನುವ ಪದವೇ ಇಲ್ಲದ ಮೇಲೆ ಯಾವ ವ್ಯವಹಾರವನ್ನು ವಾಪಸ್ ಕೇಳೋದು?

ಗ್ರಾಹಕ ಸೇವೆಗೆ ಫೋನ್ ಮಾಡಿದೆವು. ಭಾಷೆ ಹಿಂದಿ ಅಥವಾ ಇಂಗ್ಲಿಷ್. ಅಕ್ಕನಿಗೆ ಹಿಂದಿ ಬರುತ್ತದೆ, ಸಂತೆಯ ಹಿಂದಿ, ಬಸ್ಸಿನ ಹಿಂದಿ. ‘ವ್ಯಾಲೆಟ್’, ‘ಹೋಸ್ಟ್’, ‘ಆಫ್‌ಲೈನ್’ ಅನ್ನುವ ಹಿಂದಿ ಅಲ್ಲ. ಮೂರು ನಿಮಿಷದಲ್ಲಿ ಫೋನನ್ನು ನನ್ನ ಕೈಗೆ ಕೊಟ್ಟರು. ಆ ಕಡೆಯವರು ಒಟಿಪಿ ಕೇಳಿದರು. ಕಾರ್ಡ್ ಮಗನ ನಂಬರಿನ ಮೇಲಿತ್ತು, ಒಟಿಪಿ ಪುಣೆಗೆ ಹೋಯಿತು. ಅವನು ತರಗತಿಯಲ್ಲಿದ್ದ. ಅವನು ನೋಡಿ ಹೇಳುವುದರೊಳಗೆ ಅವಧಿ ಮುಗಿಯಿತು. ಸಂಜೆ ಮತ್ತೆ ಮೊದಲಿನಿಂದ. ಬುಧವಾರಕ್ಕೆ ಒಂದು ದೂರಿನ ಸಂಖ್ಯೆ ಸಿಕ್ಕಿತು.

ಇದೇ ಹೊತ್ತಿಗೆ ಒಂದು ವಿಷಯ ಹೇಳಬೇಕು. 2024ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಪ್ರಯಾಣಕ್ಕೆ ಮಾತ್ರ ಬಳಸುವ ಪ್ರೀಪೇಯ್ಡ್ ಕಾರ್ಡನ್ನು ಕೆವೈಸಿ, ಅಂದರೆ ಗುರುತಿನ ದಾಖಲೆಯ ಪರಿಶೀಲನೆ, ಇಲ್ಲದೇ ಕೊಡಲು ಒಪ್ಪಿಗೆ ಕೊಟ್ಟಿತು. ಒಳಗೆ 3,000 ರೂಪಾಯಿಗಿಂತ ಜಾಸ್ತಿ ಇಡುವಂತಿಲ್ಲ. ನಗದಾಗಿ ತೆಗೆಯುವಂತಿಲ್ಲ, ಬೇರೆಯವರಿಗೆ ಕಳಿಸುವಂತಿಲ್ಲ. ಕಾಗದಪತ್ರ ಸರಿಯಿಲ್ಲದ ಬಡವರಿಗೆ ಇದು ನಿಜವಾದ ಉಪಕಾರ, ಗುರುತಿನ ಚೀಟಿಯ ಗೋಳಿಲ್ಲದೇ ಕಾರ್ಡ್ ಸಿಗುತ್ತದೆ. ಆದರೆ ಹೆಸರಿಲ್ಲದ ಕಾರ್ಡಿನಲ್ಲಿ ಹಣ ಸಿಕ್ಕಿಹಾಕಿಕೊಂಡಾಗ ‘ಇದು ನನ್ನದು’ ಅಂತ ತೋರಿಸಲು ಕೈಯಲ್ಲಿ ಏನಿರುತ್ತದೆ? ಒಂದು ಫೋನ್ ನಂಬರ್. ಅದೂ ಬೇರೆಯವರದ್ದಾದರೆ ಕಾರ್ಡ್ ಹಿಡಿದಿರುವ ಕೈಗೆ ಯಾವ ಅಧಿಕಾರವೂ ಇಲ್ಲ.

ಚೀಟಿ

ಪ್ರಕರಣ ಬಿಡಿಸಿದ್ದು ಒಂದು ತುಂಡು ಕಾಗದ. ಗುರುವಾರ ಬೆಳಗ್ಗೆ ಅಕ್ಕನ ಜೊತೆ ನಾನೂ ಕೌಂಟರಿಗೆ ಹೋದೆ. ಕಾರ್ಡಿನ ಈಗಿನ ಬ್ಯಾಲೆನ್ಸ್ ಮುದ್ರಿಸಿ ಕೊಡಿ ಅಂತ ಕೇಳಿದೆ. ಕೊಟ್ಟರು. ಅದರಲ್ಲಿ ದಿನ, ಗಂಟೆ, ಯಂತ್ರದ ಸಂಖ್ಯೆ, ಕಾರ್ಡಿನ ಕೊನೆಯ ನಾಲ್ಕು ಅಂಕಿ, ಬ್ಯಾಲೆನ್ಸ್ 0 ಅಂತ ಇತ್ತು. ಸೋಮವಾರ ಸಂಜೆ ಆಗದೇ ಹೋದ ಪ್ರಯತ್ನದ ಚೀಟಿಯನ್ನೂ ಅಕ್ಕ ಎಸೆದಿರಲಿಲ್ಲ. ಪರ್ಸಿನಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಓದಲು ಬಾರದವರು ಕಾಗದವನ್ನು ನಮಗಿಂತ ಜೋಪಾನವಾಗಿ ಇಡುತ್ತಾರೆ.

ಎರಡು ಚೀಟಿ, ಮಗನ ಯುಪಿಐ ವ್ಯವಹಾರದ ಸಂಖ್ಯೆ, ಆ್ಯಪ್‌ನ ಸ್ಕ್ರೀನ್‌ಶಾಟ್. ಇಷ್ಟನ್ನೂ ಸೇರಿಸಿ ಸಂಸ್ಥೆಗೆ ಮೇಲ್ ಬರೆದೆ. ಬೈಗುಳ ಇಲ್ಲ, ಕಥೆ ಇಲ್ಲ. ಭಾನುವಾರ ರಾತ್ರಿ ಹಣ ಬಂದಿದೆ. ಸೋಮವಾರ ಸಂಜೆ ಇಷ್ಟು ಗಂಟೆಗೆ ಈ ಯಂತ್ರದಲ್ಲಿ ಇಳಿಸುವುದು ಅರ್ಧಕ್ಕೆ ನಿಂತಿದೆ. ನಿಮ್ಮ ಸರ್ವರ್ ಇಳಿಸಿದೆ ಅನ್ನುತ್ತದೆ, ಚಿಪ್ ಬಂದಿಲ್ಲ ಅನ್ನುತ್ತದೆ. ಇದಾದ ಮೇಲಿನ ಚಿಪ್ ಚೀಟಿ ಜೊತೆಗಿದೆ, ತಾಳೆ ನೋಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು ಅನ್ನುವುದು ನನಗೆ ಗೊತ್ತಿತ್ತು. 2021ರ ನವೆಂಬರ್‌ನಿಂದ ಬ್ಯಾಂಕ್, ಪ್ರೀಪೇಯ್ಡ್ ಕಾರ್ಡ್ ಎಲ್ಲದಕ್ಕೂ ಸೇರಿ ಒಂದೇ ಯೋಜನೆ ಇದೆ, ಮಾಹಿತಿಗೆ 14448 ಸಂಖ್ಯೆಯೂ ಇದೆ. ಅಲ್ಲಿಯವರೆಗೆ ಹೋಗುವ ಅಗತ್ಯ ಬರಲಿಲ್ಲ.

ಈ ನಡುವೆ ಅಕ್ಕ ದಿನಾ 40 ರೂಪಾಯಿ ನಗದು ಕೊಟ್ಟು ಓಡಾಡಿದರು. ತಿಂಗಳ ಮೊದಲ ವಾರ, ಪಗಾರ ಇನ್ನೂ ಬಂದಿರಲಿಲ್ಲ. ನಾನು 500 ಕೊಡಲು ಹೋದೆ. ‘ಹಂಗ ಬ್ಯಾಡ್ರೀ, ಪಗಾರದಾಗ ಹಿಡ್ಕೊಳ್ಳೋದಾದ್ರ ಕೊಡ್ರಿ’ ಅಂದರು. ಹಾಗೇ ಮಾಡಿದೆವು. ಮಗ ಪುಣೆಯಿಂದ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದ. ತಾನೇ ಏನೋ ತಪ್ಪು ಒತ್ತಿದೆ ಅಂತ ಅವನಿಗೆ ಕೊರಗು. ಅವನು ಒತ್ತಿದ್ದೆಲ್ಲ ಸರಿಯಾಗೇ ಇತ್ತು. ಇದನ್ನು ಅವನಿಗೆ ನಾಲ್ಕೈದು ಸಲ ಹೇಳಬೇಕಾಯಿತು.

ಆ ದಿನಗಳಲ್ಲಿ ನನಗೆ ಹಳೆಯ ಲೋಕಲ್ ಟ್ರೈನಿನ ಕೂಪನ್ನು ನೆನಪಾಗುತ್ತಿತ್ತು. ಹತ್ತು ವರ್ಷದ ಹಿಂದಿನವರೆಗೂ ಇತ್ತಲ್ವಾ, ಪುಟ್ಟ ಪುಸ್ತಕ. ನಿಲ್ದಾಣದ ಯಂತ್ರದಲ್ಲಿ ತೂರಿಸಿ ‘ಟಕ್’ ಅನಿಸಿಕೊಂಡು ಹತ್ತುವುದು. ಸಾಲಿನ ಗೋಳು, ಯಂತ್ರ ಕೆಟ್ಟರೆ ಪರದಾಟ ಎಲ್ಲ ಇತ್ತು. ಅದು ಮರಳಿ ಬರಲಿ ಅನ್ನುವವಳಲ್ಲ ನಾನು. ಆದರೆ ಪುಸ್ತಕದಲ್ಲಿ ಎಷ್ಟು ಹಾಳೆ ಉಳಿದಿದೆ ಅಂತ ಎಣಿಸಲು ಯಾರನ್ನೂ ಕೇಳಬೇಕಿರಲಿಲ್ಲ. ಅಕ್ಕನಂಥವರಿಗೆ ಬೇಕಾದದ್ದು ಅಷ್ಟೇ. ನನ್ನ ದುಡ್ಡು ಈಗ ಎಲ್ಲಿದೆ, ಎಷ್ಟಿದೆ, ನನ್ನ ಕಣ್ಣಿಗೆ ಕಾಣಬೇಕು.

ಅದನ್ನು ಕಾಣಿಸುವುದು ಕಷ್ಟವೇನೂ ಅಲ್ಲ. ಆ್ಯಪ್ ಒಂದು ಅಂಕಿಯ ಬದಲು ಎರಡು ತೋರಿಸಲಿ. ‘ಕಾರ್ಡಿನಲ್ಲಿ 0, ಕಾರ್ಡಿಗೆ ಇಳಿಯಬೇಕಾದದ್ದು 500.’ ಅದೂ ಹಸಿರು ಗುರುತಿನಷ್ಟೇ ದೊಡ್ಡದಾಗಿ, ಅವರವರ ಭಾಷೆಯಲ್ಲಿ. ಚಿಪ್ ಬರೆದು ಮುಗಿಯುವವರೆಗೆ ಯಂತ್ರದ ದೀಪ ಒಂದೇ ಬಣ್ಣದಲ್ಲಿ ನಿಂತಿರಲಿ, ಮುಗಿದಾಗ ಶಬ್ದ ಮಾಡಲಿ. ಚಿಪ್ ‘ಬಂತು’ ಅನ್ನುವವರೆಗೆ ಸರ್ವರ್ ‘ಕೊಟ್ಟೆ’ ಅಂತ ಬರೆಯದಿರಲಿ. ಕೊನೆಯದು ನಮ್ಮ ಕಸುಬಿನವರಿಗೆ ಮೊದಲ ವಾರ ಕಲಿಸುವ ಪಾಠ.

2025ರ ಅಕ್ಟೋಬರ್ 8ರಂದು ಮುಂಬೈ ಒನ್ ಅನ್ನುವ ಆ್ಯಪ್ ಬಂತು. ಮೆಟ್ರೋ, ಮೋನೋರೈಲು, ಲೋಕಲ್, ಬೆಸ್ಟ್, ನವಿ ಮುಂಬೈ, ಠಾಣೆಯ ಬಸ್ಸು, ಹೀಗೆ 11 ಸಾರಿಗೆ ವ್ಯವಸ್ಥೆಗಳ ಟಿಕೆಟ್ ಒಂದೇ ಕಡೆ. ನಾನು ಅದನ್ನೇ ಬಳಸುತ್ತೇನೆ, ಹಿತವಾಗಿದೆ. ಕ್ಯೂಆರ್ ತೋರಿಸಿ ಹೋಗುವವರಿಗೆ ಚಿಪ್ಪಿನ ಚಿಂತೆಯೇ ಇಲ್ಲ. ಆದರೆ ಅಕ್ಕನ ಫೋನಿನ ಗಾಜು ಒಡೆದಿದೆ, ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಹಿಟ್ಟು ಮೆತ್ತಿದ ಕೈಗೆ, ಚಾರ್ಜು ಬೇಡದ, ಓದಲು ಬೇಡದ ಕಾರ್ಡೇ ಸರಿಯಾದದ್ದು. ಅದಕ್ಕೇ ಕಾರ್ಡಿನ ಈ ಕಂದಕ ಮುಚ್ಚಲೇಬೇಕು ಅಂತ ನನಗೆ ಅನಿಸುತ್ತದೆ.

ಡಿಸೆಂಬರ್ 15ರ ಸೋಮವಾರ ಮಗನ ಫೋನಿಗೆ ಸಂದೇಶ ಬಂತು. 500 ರೂಪಾಯಿ ಮರಳಿ ಜಮಾ ಆಗಿದೆ, ಯಂತ್ರದಲ್ಲಿ ಅಪ್‌ಡೇಟ್ ಮಾಡಿಕೊಳ್ಳಿ. ಏನಾಗಿತ್ತು ಅಂತ ಒಂದು ಸಾಲೂ ಇರಲಿಲ್ಲ.

ಸಂಜೆ ನಾನೂ ಜೊತೆಗೆ ಹೋದೆ. ಅದೇ ಹುಡುಗ ಇದ್ದ. ಅಕ್ಕ ಕಾರ್ಡನ್ನು ಯಂತ್ರದ ಮೇಲಿಟ್ಟು ಅದರ ಮೇಲೆ ಎರಡು ಬೆರಳು ಒತ್ತಿ ಹಿಡಿದರು. ದೀಪ ಮಿನುಗಿತು, ಕೈ ಕದಲಲಿಲ್ಲ. ಹುಡುಗ ‘ಝಾಲಂ, ಮಾವಶಿ’ ಅಂದ, ಆಯಿತು ಚಿಕ್ಕಮ್ಮ ಅಂತ. ಆಗಲೂ ಎತ್ತಲಿಲ್ಲ. ಚೀಟಿ ಹೊರಗೆ ಬರಲಿ ಅಂತ ಕಾದರು. ಚೀಟಿ ಬಂದ ಮೇಲೆ ನನ್ನ ಕಡೆ ಚಾಚಿ ‘ಓದ್ರಿ ಅಕ್ಕಾರ’ ಅಂದರು. ಐನೂರು ಅಂತ ಓದಿದೆ. ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಂಡು ಗೇಟಿನ ಕಡೆ ನಡೆದರು.

ಆ 500 ಮುಗಿದ ಮೇಲೆ ಅವರು ಮತ್ತೆ ಐದು ದಿನಕ್ಕೊಮ್ಮೆ 200 ರೂಪಾಯಿ ನಗದು ಕೊಟ್ಟೇ ತುಂಬಿಸುತ್ತಿದ್ದಾರೆ. ಆ್ಯಪ್‌ನಲ್ಲಿ ಹಾಕಿ ಅಂತ ನಾನೂ ಹೇಳಿಲ್ಲ, ಮಗನೂ ಹೇಳಿಲ್ಲ.